ಮೊಟ್ಟೆ ಮೇಲೆ ಕೂತದ್ದನ್ನು ತೆಗೆಯಬಾರದು

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಅವಳು ಬಂದ ಆರು ವರ್ಷಕ್ಕೆ ನಾನು ಬಂದೆ. ಈಗ ಇಬ್ಬರಿಗೂ ಗಂಡಂದಿರಿಲ್ಲ. ಎರಡು ಕೋಣೆ, ಒಂದು ಒಲೆ, ಒಂದು ನಲ್ಲಿ. ಮೊದಲು ಎದ್ದವಳು ನೀರು ಕಾಯಿಸಬೇಕು ಅಂತ ಮಾತಾಗಿದೆ. ನಲವತ್ತೊಂದು ವರ್ಷದಲ್ಲಿ ನಾನು ಮೊದಲು ಎದ್ದದ್ದು ಐದಾರು ಸಲ, ಅದೂ ಅವಳಿಗೆ ಜ್ವರ ಬಂದಾಗ. ಹನ್ನೊಂದು ವರ್ಷ ಅವಳ ಚೀಟಿಗಳನ್ನು ಬರೆದವಳು ನಾನು. ಆದ್ದರಿಂದ ಇದನ್ನೂ ನಾನೇ ಬರೆಯಬೇಕು.

ನಮ್ಮ ಮನೆಯಿಂದ ಇಳಿದರೆ ಸಮುದ್ರ ಒಳಗೆ ಚಾಚಿಕೊಂಡ ಒಂದು ಕೊಲ್ಲಿ. ಅದರಲ್ಲಿ ನಾಲ್ಕು ಬಂಡೆಸಾಲು. ಒಂದನೆಯದು ಹೊರಗೆ, ತೆರೆ ಒಡೆಯುವ ಕಡೆ. ನಾಲ್ಕನೆಯದು ಒಳಗೆ, ದೋಣಿ ರಿಪೇರಿ ಮಾಡುವ ಯಾರ್ಡಿನ ಮಗ್ಗುಲಲ್ಲೇ. ನೀರು ಇಳಿದಾಗ ಬಂಡೆಗಳ ಮೇಲೆ ಹೆಬ್ಬೆರಳಿನಷ್ಟುದ್ದದ ಶಂಖದ ಹುಳುಗಳು ಕಾಣುತ್ತವೆ, ಜತೆಗೆ ಕಪ್ಪು ಚಿಪ್ಪುಗಳು. ನಮ್ಮ ಕೇರಿಯ ಹೆಂಗಸರ ಕೆಲಸ ಅದನ್ನು ಆಯುವುದು, ಬೇಯಿಸುವುದು, ಸಂತೆಗೆ ಹೊರುವುದು.

ಅಕ್ಕ ಹತ್ತೊಂಬತ್ತನೇ ವಯಸ್ಸಿಗೆ ಈ ಮನೆಗೆ ಬಂದಳು. ಅವಳ ತವರಿನಲ್ಲಿ ಸಮುದ್ರ ಇರಲಿಲ್ಲ. ಅತ್ತೆ ಮೊದಲ ದಿನ ಬಂಡೆಗೆ ಕರೆದುಕೊಂಡು ಹೋದಾಗ ದೊಡ್ಡದೊಂದು ಹುಳು ಕಂಡಿತಂತೆ, ಖುಷಿಯಿಂದ ಕೈಹಾಕಿದಳು. ಅತ್ತೆ ಕೈ ಮೇಲೆ ಫಟ್ಟನೆ ಹೊಡೆದರು. ಆ ಹುಳುವಿನ ಕೆಳಗೆ ಬಂಡೆಗೆ ಅಂಟಿಕೊಂಡು ಭತ್ತದ ಕಾಳಿನ ಹಾಗೆ ಹಳದಿ ಮೊಟ್ಟೆಗಳು ನಿಂತಿದ್ದವು. ಮೊಟ್ಟೆ ಮೇಲೆ ಕೂತದ್ದನ್ನು ತೆಗೆಯಬಾರದು. ಅತ್ತೆ ಅದಕ್ಕೆ ಕಾರಣ ಹೇಳಲಿಲ್ಲ, ಅಕ್ಕ ಕೇಳಲೂ ಇಲ್ಲ. ನನಗೆ ಅದನ್ನು ಕಲಿಸಿದವಳು ಅಕ್ಕ. ಹೊಡೆಯಲಿಲ್ಲ, ಕೈ ಹಿಡಿದು ಪಕ್ಕಕ್ಕೆ ಇಟ್ಟಳು ಅಷ್ಟೇ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆ ಯಾರ್ಡಿನಲ್ಲಿ ದೋಣಿ ಕೆರೆಯುವ ಕೆಲಸಕ್ಕಿದ್ದರು. ದೋಣಿಯ ತಳಕ್ಕೆ ಚಿಪ್ಪು ಪಾಚಿ ಹತ್ತಬಾರದು ಅಂತ ಒಂದು ಕೆಂಪು ಬಣ್ಣ ಬಳಿಯುತ್ತಾರೆ. ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ಹೊಸದು ಬಳಿಯಬೇಕು. ಕೆರೆದ ಪುಡಿ ಇಳಿಜಾರಿನಲ್ಲಿ ಜಾರಿ ನೇರ ನೀರಿಗೆ ಬೀಳುತ್ತಿತ್ತು. ಭಾವ ಮೊಣಕೈವರೆಗೆ ಕೆಂಪಾಗಿ ಬರುತ್ತಿದ್ದರು. ಅವರ ಅಂಗಿಗೆ ಬೇರೆ ಬಕೆಟ್ಟು. ಎಷ್ಟು ತಿಕ್ಕಿದರೂ ಆ ಬಕೆಟ್ಟಿನ ತಳದ ಕೆಂಪು ಹೋಗಲಿಲ್ಲ. ಮುಂದೆ ಯಾರ್ಡಿನವರನ್ನು ಎಲ್ಲರೂ ಬೈಯುವಾಗ ಅಕ್ಕ, ಅಂಗಿ ಒಗೆದ ನೀರನ್ನು ಕೊಲ್ಲಿಗೇ ಹೋಗುವ ಚರಂಡಿಗೆ ಚೆಲ್ಲಿದವಳು ನಾನಲ್ಲವಾ, ಅನ್ನುತ್ತಿದ್ದಳು.

ಭಾವ ಹೋದ ಮೇಲೆ ಬಂಡೆಯ ಮೇಲಿನ ಹುಳುವೂ ಕಡಿಮೆಯಾಗುತ್ತ ಬಂತು. ಮೊದಲು ನಾಲ್ಕನೇ ಬಂಡೆಯಲ್ಲಿ, ಆಮೇಲೆ ಮೂರನೆಯದರಲ್ಲಿ. ಒಂದು ದಿನ ಯಾರೋ ಬಂದು ಕೊಲ್ಲಿಯ ಬಾಯಲ್ಲಿ ಹಲಗೆ ನೆಟ್ಟರು. ಇಲ್ಲಿ ಚಿಪ್ಪು ಆಯಬಾರದು, ತಿನ್ನಬಾರದು. ಮೂವತ್ತೊಂದು ಹೆಂಗಸರು ಆಯುತ್ತಿದ್ದೆವು. ಈಗ ಬಸ್ಸು ಹಿಡಿದು ದೂರದ ದಂಡೆಗೆ ಹೋಗುವವರು ಆರು ಜನ. ಉಳಿದವರು ಮೀನು ಹೆಚ್ಚುವ ಶೆಡ್ಡಿಗೆ, ಮನೆಗೆಲಸಕ್ಕೆ ಚದುರಿಹೋದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಆ ಹಲಗೆ ಯಾವಾಗ ಕೀಳುತ್ತಾರೆ?

ಲ್ಯಾಬಿನ ಮೇಡಂ ಬಂದದ್ದು ಹಲಗೆ ನೆಟ್ಟ ಮರುವರ್ಷ. ಅವರಿಗೆ ಹುಳು ಆಯ್ದು ಕೊಡುವವರು ಬೇಕಿತ್ತು. ಬಾಟಲಿಯಲ್ಲಿ ನೀರು ಹಿಡಿದು ನೋಡಬಾರದಾ ಅಂತ ಅಕ್ಕ ಕೇಳಿದಳು. ನೀರು ಇವತ್ತಿನ ವಿಷಯ ಮಾತ್ರ ಹೇಳುತ್ತದೆ, ಹುಳು ಹುಟ್ಟಿದಾಗಿನಿಂದ ಅದೇ ಬಂಡೆ ಮೇಲೆ ಇರುತ್ತದೆ, ನೀರಿಗೆ ಬಿದ್ದದ್ದೆಲ್ಲ ಅದರ ಮೈಯಲ್ಲಿ ಗೊತ್ತಾಗುತ್ತದೆ, ಅಂದರು ಮೇಡಂ. ಅಕ್ಕ ತಲೆಯಾಡಿಸಿ, "ಸರಿ ಬಿಡಿ, ಮನೆ ವಿಷ್ಯ ನೆಂಟರನ್ನ ಕೇಳಿದ್ರೆ ಏನು ಗೊತ್ತಾಗುತ್ತೆ, ಸೊಸೇನ ಕೇಳ್ಬೇಕು," ಅಂದಳು. ಮೇಡಂ ನಕ್ಕು ಅವತ್ತೇ ಕೆಲಸ ಕೊಟ್ಟರು.

ಕೆಲಸ ಹೀಗೆ. ವರ್ಷಕ್ಕೆ ಎರಡು ಸಲ, ಮೊಟ್ಟೆಯ ಕಾಲದಲ್ಲಿ ಒಮ್ಮೆ, ಆರು ತಿಂಗಳು ಬಿಟ್ಟು ಒಮ್ಮೆ. ಒಂದೊಂದು ಬಂಡೆಯಿಂದ ನಲವತ್ತು ಬೆಳೆದ ಹುಳು. ಇಕ್ಕಳದ ಹಾಗೆ ಬಾಯಿ ತೆರೆಯುವ ಒಂದು ಅಳತೆಗೋಲು ಕೊಟ್ಟಿದ್ದರು; ಇಪ್ಪತ್ತೈದು ಮಿಲಿಮೀಟರಿಗಿಂತ ಸಣ್ಣದು ಬೇಡ. ಒದ್ದೆ ಬಲೆಚೀಲದಲ್ಲಿ ಹಾಕಿ, ಚೀಟಿ ಕಟ್ಟಿ, ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು. ಅಕ್ಕನಿಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಚೀಟಿ ನನ್ನ ಪಾಲಿಗೆ. ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿ ಉಪ್ಪುನೀರಿಗೆ ನಿಲ್ಲುವುದಿಲ್ಲ. ತಾರೀಖು, ಬಂಡೆಯ ನಂಬರು, ಎಷ್ಟು ಹುಳು, ಆಯ್ದವರು ಯಾರು. ಕೊನೆಗೆ ಅಚ್ಚು ಹಾಕಿದ ಒಂದು ಸಾಲಿತ್ತು: ಆರಿಸದೆ, ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ತೆಗೆದಿದೆ. ಅದರ ಎದುರು ಸರಿ ಗುರುತು ಹಾಕಬೇಕು. ನಾನು ಪ್ರತಿ ಸಲ ಅಕ್ಕನನ್ನು ಕೇಳಿ ಹಾಕುತ್ತಿದ್ದೆ. ಹಾಕು, ಅನ್ನುತ್ತಿದ್ದಳು.

ಅವಳ ಅಳತೆ ಎಂದೂ ತಪ್ಪಲಿಲ್ಲ. ನಲವತ್ತು ಅಂದರೆ ನಲವತ್ತು. ಮೇಡಂ ಬೇರೆ ಊರಿನಿಂದ ಬಂದವರಿಗೆಲ್ಲ ಅಕ್ಕನನ್ನು ತೋರಿಸಿ, ನಮ್ಮ ಲ್ಯಾಬಿನ ಕಣ್ಣು ಇವರು, ಅನ್ನುತ್ತಿದ್ದರು. ಕೇರಿಯಲ್ಲಿ ಅವಳಿಗೆ ಅಳತೆಯಮ್ಮ ಅಂತ ಹೆಸರು ಬಿತ್ತು. ಹಾಗೆ ಹೆಸರಿಟ್ಟವಳು ಅವಳ ಗೆಳತಿ ಗಡಿಯಾರ. ಗಡಿಯಾರಕ್ಕೂ ಹಾಗೇ ಹೆಸರು ಬಿದ್ದದ್ದು; ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ, ಎಷ್ಟು ಹೊತ್ತಿಗೆ ಏರುತ್ತದೆ ಅಂತ ಯಾರನ್ನೂ ಕೇಳದೆ ಹೇಳುವವಳು. ಅಕ್ಕನೂ ಅವಳೂ ಒಂದೇ ಬಂಡೆಯಲ್ಲಿ ಮೂವತ್ತು ವರ್ಷ ಬೆನ್ನು ಬಗ್ಗಿಸಿದವರು. ಹಲಗೆ ನೆಟ್ಟ ಮೇಲೆ ಅವಳು ಮೀನು ಹೆಚ್ಚುವ ಶೆಡ್ಡಿಗೆ ಸೇರಿದಳು. ಅಲ್ಲಿ ಐಸು ಹಿಡಿದು ಹಿಡಿದು ಬೆರಳು ಮಡಚಲು ಬರುತ್ತಿರಲಿಲ್ಲ.

ಹನ್ನೊಂದು ವರ್ಷ, ನಾಲ್ಕು ಬಂಡೆ, ವರ್ಷಕ್ಕೆ ಎರಡು ಸಲ. ಎಂಬತ್ತೆಂಟು ಚೀಟಿ ಬರೆದೆ. ಆಮೇಲೆ ಯಾರ್ಡಿನ ಮೇಲೆ ವಿಚಾರಣೆ ಬಂತು. ಬಯಲಲ್ಲಿ ದೋಣಿ ಕೆರೆಯುವುದನ್ನು ನಿಲ್ಲಿಸಬೇಕೋ ಬೇಡವೋ ಅಂತ ಅಧಿಕಾರಿಗಳು ಕೂತು ತೀರ್ಮಾನ ಮಾಡುವುದು. ಮೇಡಂ ಹತ್ತಿರ ಇದ್ದದ್ದು ನಮ್ಮ ಹುಳುಗಳ ಪುಸ್ತಕ. ಯಾರ್ಡು ನಿಂತರೆ ಕೊಲ್ಲಿ ಚೊಕ್ಕವಾಗುತ್ತದೆ, ಕೊಲ್ಲಿ ಚೊಕ್ಕವಾದರೆ ಹಲಗೆ ಕೀಳುತ್ತಾರೆ. ಹೆಂಗಸರ ಎಣಿಕೆ ಅದು.

ವಿಚಾರಣೆಗೆ ಒಂದು ವಾರ ಇದ್ದಾಗ ಮೇಡಂ ಕೇರಿಗೆ ಬಂದು ಎಲ್ಲರನ್ನೂ ಸೇರಿಸಿದರು. ಹಳೇ ಚಿಪ್ಪು ಬೇಯಿಸುವ ಶೆಡ್ಡು. ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಹುಳುವಿನ ಚಿತ್ರ ಬರೆದು ವಿವರಿಸಿದರು. ಆ ಹಳೇ ಬಣ್ಣದಲ್ಲಿ ತವರ ಬೆರೆತ ಒಂದು ವಿಷ ಇದೆ. ಅದು ಮೈಗೆ ಸೇರಿದರೆ ಹೆಣ್ಣು ಹುಳುವಿಗೆ ಗಂಡಿನ ಅಂಗ ಬೆಳೆಯುತ್ತದೆ. ನಾಲ್ಕನೇ ಬಂಡೆಯಲ್ಲಿ ಮೊಟ್ಟೆಯ ಕಾಲದಲ್ಲಿ ತೆಗೆದದ್ದರಲ್ಲಿ ಹತ್ತು ಹೆಣ್ಣಿನಲ್ಲಿ ಒಂಬತ್ತಕ್ಕೆ ಹಾಗಾಗಿದೆ.

ಗಡಿಯಾರ ಕೂತಲ್ಲಿಂದಲೇ, "ಆ ಬಣ್ಣ ನಂಗೂ ಒಂದು ಡಬ್ಬ ಕೊಡ್ಸಿ ಮೇಡಂ, ನಮ್ಮನೆಯವ್ರಿಗೆ ಬಳಿದು ನೋಡ್ತೀನಿ," ಅಂದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮೇಡಂ ಕೂಡ ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ ಚಿತ್ರದಲ್ಲಿ ಒಂದು ಕಡೆ ಗೆರೆ ಎಳೆದು, ಆ ಅಂಗ ಬೆಳೆದು ಮೊಟ್ಟೆ ಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ, ಮೊಟ್ಟೆ ಒಳಗೇ ಕೊಳೆಯುತ್ತದೆ, ಕೆಟ್ಟು ಹೋದ ಹೆಣ್ಣು ಮತ್ತೆ ಮೊಟ್ಟೆ ಇಡಲಾರದು, ಅಂದರು.

ಅಕ್ಕ ನಗುವಾಗಲೂ ನಕ್ಕಿರಲಿಲ್ಲ ಅಂತ ನನಗೆ ಆಮೇಲೆ ನೆನಪಾಯಿತು. ಆ ಗೆರೆಯನ್ನೇ ನೋಡುತ್ತಿದ್ದಳು.

ಮನೆಗೆ ಬಂದವಳು ಚಪ್ಪಲಿ ಬಿಡಲಿಲ್ಲ, ಹಾಗೇ ಮೆಟ್ಟಿಲ ಮೇಲೆ ಕೂತಳು. ನಾನು ನೀರು ತಂದುಕೊಟ್ಟೆ. ಕುಡಿಯದೆ ಲೋಟ ಕೈಯಲ್ಲೇ ಹಿಡಿದುಕೊಂಡು, "ಮೊಟ್ಟೆ ಇಡೋವೆಲ್ಲ ಚೆನ್ನಾಗಿರೋವು," ಅಂದಳು. "ನಾನು ಅವನ್ನೇ ಬಿಟ್ಟು ಬಂದೆ ಕಣೇ. ಮಿಕ್ಕಿದ್ದನ್ನ ತಂದು ಕೊಟ್ಟೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊಟ್ಟೆಯ ಕಾಲದಲ್ಲಿ ಬಂಡೆ ಮೇಲೆ ಚೆನ್ನಾಗಿರುವ ಹೆಣ್ಣುಗಳು ಮೊಟ್ಟೆ ಮೇಲೆ ಕೂತಿರುತ್ತವೆ. ಅವನ್ನು ನಾವು ಮುಟ್ಟುವುದಿಲ್ಲ. ಹಾಗಾದರೆ ನಮ್ಮ ಚೀಲಕ್ಕೆ ಬಿದ್ದ ಹೆಣ್ಣೆಲ್ಲ ಮೊಟ್ಟೆ ಇಡಲಾರದ್ದು. ನೋಡಿದವರು, ಅಯ್ಯೋ ಎಲ್ಲ ಹಾಳಾಗಿದೆ, ಅನ್ನದೆ ಇನ್ನೇನು ಅಂದಾರು. ಹತ್ತಕ್ಕೆ ಒಂಬತ್ತು ಅನ್ನುವುದನ್ನು ಬಣ್ಣ ಒಂದೇ ಮಾಡಿರಲಿಲ್ಲ, ಅಕ್ಕನ ಕೈಯೂ ಮಾಡಿತ್ತು.

ಮೋಸ ಅಂತ ಅಲ್ಲ. ಮನೆಯಲ್ಲಿರುವ ಕುರ್ಚಿ ಎಲ್ಲ ತನ್ನಿ ಅಂದರೆ ಅಜ್ಜ ಕೂತಿರುವ ಕುರ್ಚಿಯನ್ನು ಯಾರೂ ಎಳೆದು ತರುವುದಿಲ್ಲ. ಕೈಗೆ ಸಿಕ್ಕಿದ್ದು ಅಂದರೆ ನಮಗೆ ಮೊಟ್ಟೆ ಮೇಲೆ ಕೂತದ್ದು ಬಿಟ್ಟು ಸಿಕ್ಕಿದ್ದು. ಅದನ್ನು ಹೇಳಬೇಕು ಅಂತ ನಮಗೆ ಹೊಳೆಯಲಿಲ್ಲ, ಕೇಳಬೇಕು ಅಂತ ಮೇಡಂಗೆ ಹೊಳೆಯಲಿಲ್ಲ.

ನಾನು ಸುಮ್ಮನಿರು ಅಂದೆ. ಯಾರ್ಡು ವಿಷ ಬಿಡುತ್ತಿರುವುದು ಸುಳ್ಳಲ್ಲ, ಹುಳು ಸಾಯುತ್ತಿರುವುದು ಸುಳ್ಳಲ್ಲ, ಇನ್ನು ಒಂದು ವಾರದಲ್ಲಿ ತೀರ್ಮಾನ ಆಗುತ್ತದೆ, ಈಗ ಬಾಯಿ ಬಿಟ್ಟರೆ ಅವರ ಕೈಗೆ ಕೋಲು ಕೊಟ್ಟ ಹಾಗೆ, ಅಂದೆ. ಇನ್ನೂ ಏನೇನೋ ಅಂದೆ. ಗಡಿಯಾರದ ಬೆರಳಿನ ವಿಷಯವನ್ನೂ ಎತ್ತಿದೆ.

ಅಕ್ಕ ಎಲ್ಲ ಕೇಳಿ, "ಆ ಸಾಲಿನ ಎದುರು ಸರಿ ಗುರುತು ಹಾಕಿದ್ದು ಯಾರು?" ಅಂದಳು.

"ನಾನೇ. ನೀನು ಹಾಕು ಅಂದೆ."

"ಅದೇ ಮತ್ತೆ. ನಾನು ಸಿಕ್ಕ ಹಾಗೆ ತೆಗ್ದಿಲ್ಲ."

ಲೋಟ ಕೆಳಗಿಟ್ಟು ಎದ್ದಳು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆವು.

ಲ್ಯಾಬು ಎರಡನೇ ಮಹಡಿಯಲ್ಲಿ. ಮೂವತ್ತೆಂಟು ಮೆಟ್ಟಿಲು. ಅಕ್ಕನ ಮಂಡಿ ಅಷ್ಟೊತ್ತಿಗಾಗಲೇ ಕೆಟ್ಟಿತ್ತು, ನಡುವೆ ಎರಡು ಸಲ ನಿಂತಳು. ಒಳಗೆ ಒಂದು ದೊಡ್ಡ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಮೇಜಿನ ಅಂಚಿಗೆ ಬಿಗಿದ ಕಬ್ಬಿಣದ ಹಿಡಿಕೆಯಲ್ಲಿ ಮೇಡಂ ಹುಳುವಿನ ಚಿಪ್ಪನ್ನು ಇಷ್ಟಿಷ್ಟೇ ಒತ್ತಿ ಬಿರಿಸುತ್ತಿದ್ದರು, ಒಳಗಿನ ಮೈಗೆ ಪೆಟ್ಟಾಗದ ಹಾಗೆ. ಬಿರಿದದ್ದನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದರು. ನಮ್ಮನ್ನು ನೋಡಿ, ಏನಮ್ಮಾ ಇಷ್ಟು ಬೆಳಗ್ಗೆ, ಅಂತ ಕುರ್ಚಿ ಎಳೆದರು. ಅಕ್ಕ ಕೂರಲಿಲ್ಲ.

"ಮೇಡಂ, ಮೊಟ್ಟೆ ಮೇಲೆ ಕೂತದ್ದನ್ನ ನಾನು ಯಾವತ್ತೂ ತಂದಿಲ್ಲ."

"ಯಾವತ್ತೂ ಅಂದ್ರೆ?"

"ಹನ್ನೊಂದು ವರ್ಷ."

ಮೇಡಂ ಚಿಪ್ಪನ್ನು ಹಿಡಿಕೆಯಿಂದ ಬಿಡಿಸಿ ತಟ್ಟೆಗೆ ಇಟ್ಟರು. ಕೈ ತೊಳೆದರು. ಎರಡು ಸಲ ಸೋಪು ಹಾಕಿ ತೊಳೆದರು. ಆಮೇಲೆ ಕಪಾಟಿನಿಂದ ಒಂದು ಅಚ್ಚಾದ ಪುಸ್ತಕ ತೆಗೆದು ಹಾಳೆ ತಿರುಗಿಸಿ ಒಂದು ಕಡೆ ನಿಂತರು. ಒಂದನೇ ಬಂಡೆಯಲ್ಲಿ, ಅಲ್ಲಿ ವಿಷ ಹೆಚ್ಚಿಲ್ಲ, ಆದರೂ ಮೊಟ್ಟೆಯ ಕಾಲದಲ್ಲಿ ನಲವತ್ತಕ್ಕೆ ಆರೇಳು ಹೆಣ್ಣು ಮಾತ್ರ ಸಿಗುತ್ತಿದ್ದವಂತೆ. ಆ ಕಾಲದಲ್ಲಿ ಹೆಣ್ಣುಗಳು ಬಂಡೆಯ ಸಂದಿಗೆ ಸರಿದುಹೋಗುತ್ತವೆ ಅಂತ ಅವರೇ ಊಹಿಸಿ ಅಚ್ಚು ಹಾಕಿಸಿದ್ದರು. ಆ ಸಾಲುಗಳನ್ನು ನಮಗೆ ಓದಿ ಹೇಳಿದರು. ಓದಿ ಮುಗಿಸಿ, "ಸಂದಿಗೂ ಹೋಗಿರ್ಲಿಲ್ಲ, ಎಲ್ಲಿಗೂ ಹೋಗಿರ್ಲಿಲ್ಲ. ನಿಮ್ಮ ಕಣ್ಣೆದುರೇ ಕೂತಿದ್ವು," ಅಂದರು.

ಎಷ್ಟು ಬಿಟ್ಟಿರಬಹುದು ಅಂತ ಕೇಳಿದರು. ಅಂದಾಜಾದರೂ ಹೇಳಿ ಅಂದರು. ಬಿಟ್ಟದ್ದನ್ನು ಎಣಿಸುವ ರೂಢಿ ನಮ್ಮಲ್ಲಿಲ್ಲ ಅಂತ ಅಕ್ಕ ಹೇಳಿದಳು. ಅಂದಾಜಿಗೆ ಒಂದು ಅಂಕಿ ಹೇಳಿದ್ದರೆ ಮೇಡಂಗೆ ಅನುಕೂಲವಾಗುತ್ತಿತ್ತೇನೋ. ಅಕ್ಕ ಹೇಳಲಿಲ್ಲ.

ನೀವು ಹೇಳದೆ ಇದ್ದಿದ್ದರೆ ಅಂತ ಶುರುಮಾಡಿದ ಮೇಡಂ ಅಷ್ಟಕ್ಕೇ ನಿಲ್ಲಿಸಿ ನಮ್ಮ ಹುಳುಗಳ ಪುಸ್ತಕ ತೆಗೆದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಅವರಿಗೂ ವಯಸ್ಸಾಗಿದೆ ಅಂತ ನನಗೆ ಅವತ್ತೇ ಕಂಡದ್ದು. ಸ್ಕೇಲು ಇಟ್ಟು ಮೊಟ್ಟೆಯ ಕಾಲದ ಅಂಕಿಗಳ ಮೇಲೆ ಒಂದೊಂದೇ ಗೆರೆ ಎಳೆಯತೊಡಗಿದರು. ಎಂಬತ್ತೆಂಟರಲ್ಲಿ ನಲವತ್ತನಾಲ್ಕು ಚೀಟಿ ಹೋದವು. ನಾನು ಎದುರಿಗೆ ಕೂತು ಎಣಿಸಿದೆ. ಇನ್ನೊಂದು ಕಾಲದ ಅಂಕಿಗಳು ಉಳಿದವು. ಅವುಗಳ ಪ್ರಕಾರ ನಾಲ್ಕನೇ ಬಂಡೆಯಲ್ಲಿ ಹತ್ತಕ್ಕೆ ಆರು.

ಹತ್ತಕ್ಕೆ ಆರು ಅಂದರೆ ಕಡಿಮೆಯೇನಲ್ಲ. ಆದರೆ ವಿಚಾರಣೆಯಲ್ಲಿ ಯಾರ್ಡಿನ ವಕೀಲರು ಆ ಆರನ್ನು ಹಿಡಿಯಲಿಲ್ಲ, ಗೆರೆ ಎಳೆದದ್ದನ್ನು ಹಿಡಿದರು. ಅರ್ಧ ಪುಸ್ತಕ ತಪ್ಪಾದರೆ ಇನ್ನರ್ಧ ಸರಿ ಅಂತ ಹೇಗೆ ನಂಬುವುದು ಅಂತ ಕೇಳಿದರು. ಅಕ್ಕನನ್ನು ಎಬ್ಬಿಸಿ ನಿಲ್ಲಿಸಿ, ಓದು ಬರುತ್ತದಾ ಅಂತಲೂ ಕೇಳಿದರು. ಬರುವುದಿಲ್ಲ ಅಂದಳು. ಅಧಿಕಾರಿಗಳು ಎರಡು ವರ್ಷ ಹೊಸದಾಗಿ ಹುಳು ಆಯ್ದು ಅಳೆದು ತನ್ನಿ, ಆಮೇಲೆ ನೋಡೋಣ ಅಂದರು. ಅಲ್ಲಿಯವರೆಗೆ ಯಾರ್ಡು ಈಗಿನ ಹಾಗೇ ನಡೆಯಬಹುದು.

ಹಲಗೆ ಹಾಗೇ ಉಳಿಯಿತು. ಕೇರಿಯಲ್ಲಿ ನಮ್ಮ ಮನೆ ಎದುರು ಬಂದಾಗ ಜನ ಮಾತು ನಿಲ್ಲಿಸಿ ದಾಟುತ್ತಿದ್ದರು. ಗಡಿಯಾರ ಮಾತ್ರ ಎದುರಿಗೇ ಬಂದಳು. ಬಸ್ಸಿನ ನಿಲ್ದಾಣದಲ್ಲಿ, ನಾಲ್ಕು ಜನರ ಮುಂದೆ, "ಹುಳಕ್ಕೆ ಕರುಣೆ ತೋರ್ಸಿದೆ. ನಮಗೆ ತೋರ್ಸಕ್ಕೆ ಆಗ್ಲಿಲ್ಲ ನಿಂಗೆ," ಅಂದಳು.

"ಮೊಟ್ಟೆ ಮೇಲಿರೋದನ್ನ ನೀನೂ ತೆಗ್ದೋಳಲ್ಲ," ಅಂದಳು ಅಕ್ಕ.

"ತೆಗ್ದಿಲ್ಲ. ಚೀಟಿನೂ ಬರ್ಸಿಲ್ಲ."

ಗಡಿಯಾರ ಬಸ್ಸು ಹತ್ತಿ ಮುಂದಿನ ಸೀಟಿಗೆ ಹೋದಳು. ಅವತ್ತಿನಿಂದ ಅವರಿಬ್ಬರಿಗೆ ಮಾತಿಲ್ಲ.

ಮೇಡಂ ಅಕ್ಕನನ್ನು ಕೆಲಸದಿಂದ ಬಿಡಿಸಲಿಲ್ಲ. ಬೇರೆಯವರನ್ನು ಹಾಕಿ ಅಂತ ಅವರ ಮೇಲಿನವರು ಹೇಳಿದರಂತೆ. ಹೇಳದೆ ಮುಚ್ಚಿಡುವವರನ್ನು ತಂದು ಏನು ಮಾಡಲಿ ಅಂತ ಇವರು ಕೇಳಿದರಂತೆ. ಅಕ್ಕ ತಾನೇ ಬಿಡಬೇಕು ಅಂತಿದ್ದಳು, ಮಂಡಿ ನೆಪ ಇತ್ತು. ಆದರೆ ಮೂರು ದಿನ ಬಿಟ್ಟು ಅಳತೆಗೋಲಿಗೆ ಎಣ್ಣೆ ಹಾಕುತ್ತ ಕೂತಿದ್ದಳು.

ಹೊಸ ಪದ್ಧತಿ ಬಂತು. ಹಗ್ಗದ ಒಂದು ಚೌಕ. ಅದನ್ನು ಬಂಡೆ ಮೇಲೆ ಹಾಸಬೇಕು, ಚೌಕದ ಒಳಗೆ ಬಿದ್ದ ದೊಡ್ಡ ಹುಳು ಎಲ್ಲವನ್ನೂ ತೆಗೆಯಬೇಕು, ಒಂದನ್ನೂ ಬಿಡುವ ಹಾಗಿಲ್ಲ; ನಲವತ್ತು ತುಂಬುವವರೆಗೆ ಚೌಕ ಸರಿಸುತ್ತ ಹೋಗಬೇಕು. ಚೀಟಿಯಲ್ಲಿ ಹೊಸ ಮನೆ ಒಂದು: ಮೊಟ್ಟೆಯ ಮೇಲೆ ಕೂತದ್ದು ಎಷ್ಟು. ತಾಯಿಯನ್ನು ತೆಗೆದರೆ ಮೊಟ್ಟೆಯ ಗತಿ ಏನು ಅಂತ ಅಕ್ಕ ಮೇಡಂ ಹತ್ತಿರ ಕೇಳಿದಳು. ಇಟ್ಟ ಮೊಟ್ಟೆಗೆ ತಾಯಿ ಬೇಕಾಗಿಲ್ಲ, ಅದು ತಾನೇ ಒಡೆದು ಮರಿಯಾಗುತ್ತದೆ, ಇನ್ನೂ ಇಡದೆ ಒಳಗಿರುವುದು ಮಾತ್ರ ಹೋಗುತ್ತದೆ, ಅಂದರು. ಅಕ್ಕ ಅದನ್ನು ನನ್ನ ಹತ್ತಿರ ಮತ್ತೆ ಎರಡು ಸಲ ಹೇಳಿಸಿ ಸರಿಯಾಗಿ ತಿಳಿದುಕೊಂಡಳು.

ಮೊಟ್ಟೆಯ ಕಾಲ ಬಂತು. ನಾಲ್ಕನೇ ಬಂಡೆಗೆ ಕೊನೆಗೆ ಹೋದೆವು. ಯಾರ್ಡಿನಿಂದ ಕೆರೆಯುವ ಸದ್ದು ಬರುತ್ತಿತ್ತು. ಅಕ್ಕ ಈಗ ಕುಕ್ಕರುಗಾಲಲ್ಲಿ ಕೂರಲಾರಳು, ಒಂದು ಹಳೇ ರಬ್ಬರಿನ ಚಾಪೆ ಹಾಸಿ ಅದರ ಮೇಲೆ ಮಂಡಿಯೂರಿದಳು. ಚೌಕ ಹಾಸಿ ಒಂದೊಂದೇ ತೆಗೆದು ಅಳೆದು ಚೀಲಕ್ಕೆ ಹಾಕಿದಳು. ನಾನು ಬರೆದೆ. ಒಂದು ಜಾಗದಲ್ಲಿ ಮೂರು ಹುಳು ಮೊಟ್ಟೆ ಮೇಲೆ ಕೂತಿದ್ದವು. ಅವುಗಳ ಸುತ್ತ ಇದ್ದದ್ದನ್ನೆಲ್ಲ ತೆಗೆದಳು. ಮೂರು ಉಳಿದವು. ಅವುಗಳ ಮುಂದೆ ಕೈ ತೊಡೆ ಮೇಲೆ ಇಟ್ಟುಕೊಂಡು ಕೂತೇಬಿಟ್ಟಳು. ನೀರು ತಿರುಗಿತ್ತು. ಬಂಡೆಯ ಬುಡದಲ್ಲಿ ನೊರೆ ಕಾಣುತ್ತಿತ್ತು.

ನಾನು ತೆಗೆಯಲಾ ಅಂತ ಕೇಳಿದೆ.

"ಬೇಡ. ನೀನು ಬರೀತಾ ಇರು."

ಹೆಬ್ಬೆರಳನ್ನು ಪಕ್ಕದಿಂದ ತೂರಿಸಿ ಮೆಲ್ಲಗೆ ಜರುಗಿಸಿದಳು. ಹುಳು ಮೊದಲು ಬಂಡೆಯನ್ನು ಬಿಗಿಯಾಗಿ ಹಿಡಿಯಿತು, ಆಮೇಲೆ ಬಿಟ್ಟಿತು. ಮೊಟ್ಟೆಗಳು ಬಂಡೆ ಮೇಲೆ ಹಾಗೇ ನಿಂತಿದ್ದವು. ಒಂದು, ಅಂದಳು. ಬರೆದೆ. ಮುಂದಿನದಕ್ಕೂ ಅಷ್ಟೇ ಹೊತ್ತು ಹಿಡಿಯಿತು. ಮೂರನೆಯದಕ್ಕೂ ಅಷ್ಟೇ. ಎಲ್ಲ ಚೌಕ ಮುಗಿಯುವಾಗ ನೀರು ನನ್ನ ಪಾದಕ್ಕೆ ಬಂದಿತ್ತು. ನಲವತ್ತರಲ್ಲಿ ಮೊಟ್ಟೆ ಮೇಲೆ ಕೂತದ್ದು ಏಳು.

ಏಳು ಚೆನ್ನಾಗಿವೆ ಹಾಗಾದರೆ, ಅಂದೆ ನಾನು, ಅವಳಿಗೆ ಸಮಾಧಾನವಾಗಲಿ ಅಂತ.

"ಇದ್ವು," ಅಂದಳು ಅಕ್ಕ. ಚೀಲದ ಬಾಯಿ ಕಟ್ಟಿದಳು. ಚೀಟಿಯ ಕೊನೆಯ ಸಾಲು ತೋರಿಸಿದೆ. ಅದರ ಎದುರು ಈ ಸಲ ಅವಳೇ ಪೆನ್ಸಿಲು ಇಸಿದುಕೊಂಡು ಸರಿ ಗುರುತು ಹಾಕಿದಳು. ಕೈ ಒದ್ದೆಯಾಗಿತ್ತು, ಗುರುತು ಸ್ವಲ್ಪ ಸೊಟ್ಟಗಾಯಿತು, ಆದರೆ ಓದಲು ಬರುತ್ತದೆ. ನನ್ನ ಭುಜ ಹಿಡಿದುಕೊಂಡು ಎದ್ದಳು. ಇನ್ನೊಂದು ವರ್ಷ ಇದೆ. ಅವಳಿಗೆ ಈಗ ಅರವತ್ತಾರು.